ಅಗ್ಗದ ವಿಮಾನವೋ, ರಾತ್ರಿ ಬಸ್ಸೋ? ಬೆಂಗಳೂರು–ಮಂಗಳೂರು ದಾರಿಯ ನನ್ನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಊರಿಗೆ ಹೋಗುವುದಾದರೆ ನನ್ನ ಓಟು ಕೆಎಸ್‌ಆರ್‌ಟಿಸಿ ಸ್ಲೀಪರ್ ಬಸ್ಸಿಗೆ. ಹಾಗಂತ ವಿಮಾನ ಹತ್ತದೆ ಹೇಳುತ್ತಿರುವ ಮಾತಲ್ಲ ಇದು. ಆಪ್ ತೆರೆದ ಕೂಡಲೇ ‘2,399 ರೂಪಾಯಿಯಿಂದ ಶುರು’ ಅಂತ ದಪ್ಪಕ್ಷರದಲ್ಲಿ ಕಾಣುತ್ತದಲ್ಲ, ಅದನ್ನು ನೋಡಿಯೇ ಟಿಕೆಟ್ ಮಾಡಿದ್ದೆ. ವಾರಾಂತ್ಯದಲ್ಲಿ ಎಸಿ ಸ್ಲೀಪರ್ ಬಸ್ಸಿಗೇ ಒಂದೂವರೆ ಸಾವಿರದ ಹತ್ತಿರ ಆಗುತ್ತದೆ. ಇನ್ನೊಂದು ಸಾವಿರ ಹಾಕಿದರೆ ಒಂದು ಗಂಟೆಯಲ್ಲಿ ಮಂಗಳೂರು. ಯಾರಿಗೆ ಬೇಡ?

ಆದರೆ ಆ 2,399 ಯಾರ ಕೈಗೂ ಸಿಗುವ ಬೆಲೆಯಲ್ಲ. ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಅದು 3,000 ದಾಟಿತ್ತು. ಅವರದೇ ಆಪ್‌ನಲ್ಲಿ ದುಡ್ಡು ಕಟ್ಟಿದ್ದಕ್ಕೆ ಕನ್ವೀನಿಯೆನ್ಸ್ ಫೀ, ಅದೂ ತಲೆಗೆ ಇಷ್ಟು ಅಂತ. ಸೀಟು ಆರಿಸುವ ಪುಟದಲ್ಲಿ ಹೆಚ್ಚುಕಡಿಮೆ ಎಲ್ಲ ಸೀಟಿಗೂ ಬೆಲೆ ಅಂಟಿಸಿರುತ್ತಾರೆ. ಆರಿಸದೆ ಮುಂದೆ ಹೋಗುವ ಬಟನ್ ಎಲ್ಲೋ ಮೂಲೆಯಲ್ಲಿ ಸಣ್ಣಗೆ ಇರುತ್ತದೆ. ಸುಮ್ನೆ ಅದನ್ನು ಒತ್ತಿ, ಚೆಕ್-ಇನ್ ಹೊತ್ತಿಗೆ ಅವರೇ ಒಂದು ಸೀಟು ಕೊಡುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹೆದರಿ ದುಡ್ಡು ಸುರಿಯಬೇಕಿಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಹೋಗುವಾಗ 12 ವರ್ಷದೊಳಗಿನ ಮಗುವಿಗೆ ಅಪ್ಪನ ಅಥವಾ ಅಮ್ಮನ ಜೊತೆಯಲ್ಲೇ ಸೀಟು ಕೊಡಬೇಕು ಅಂತ ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರಲ್ಲಿ ಎಲ್ಲ ಕಂಪನಿಗಳಿಗೂ ಹೇಳಿದೆ.

ಇವೆಲ್ಲ ಸಣ್ಣ ಕಿರಿಕಿರಿ, ಬಿಡಿ. ನನ್ನ ತಲೆ ಕೆಡಿಸಿದ್ದು ಲಗೇಜು.

ನಾನು ಹೋಗಿದ್ದ ಕಂಪನಿಯ ಹೆಸರು ಬೇಡ. ಅವರು ಮೊದಲು ತೋರಿಸುವ ಕಡಿಮೆ ದರದಲ್ಲಿ ಚೆಕ್-ಇನ್ ಬ್ಯಾಗು ಸೇರಿರುವುದಿಲ್ಲ. ಕೈಚೀಲ ಮಾತ್ರ ಒಯ್ಯುವವರಿಗೆ ಟಿಕೆಟ್ ಅಗ್ಗ ಮಾಡಿ ಮಾರಬಹುದು ಅಂತ 2021ರಲ್ಲಿ ಡಿಜಿಸಿಎ ಒಪ್ಪಿಗೆ ಕೊಟ್ಟಿತು. ಕೇಳಲು ಒಳ್ಳೆಯ ಮಾತೇ. ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವವರು ಯಾಕೆ 15 ಕಿಲೋ ಬ್ಯಾಗಿನ ದುಡ್ಡು ಕೊಡಬೇಕು, ಅಲ್ವಾ? ಊರಿಗೆ ಹೋಗುವಾಗ ನನ್ನದೂ ಹಾಗೇ, ಬೆನ್ನಿಗೊಂದು ಬ್ಯಾಗು ಅಷ್ಟೇ.

ಬರುವಾಗ? ಬಂಟ್ವಾಳದ ಕಡೆಯವರ ಮನೆಯಿಂದ ಯಾರಾದರೂ ಬರಿಗೈಲಿ ಬೆಂಗಳೂರಿಗೆ ಹೊರಟದ್ದುಂಟಾ? ಅಮ್ಮ ಕುಚ್ಚಲಕ್ಕಿ ಕಟ್ಟಿದ್ದರು. ಜೊತೆಗೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹತ್ತು ತೆಂಗಿನಕಾಯಿ. ತೆಂಗಿನಕಾಯಿಯನ್ನು ನಾನೇ ತೆಗೆದಿಟ್ಟೆ. ಕೈಚೀಲದಲ್ಲಿ ಅದನ್ನು ಭದ್ರತಾ ತಪಾಸಣೆಯವರು ಬಿಡುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಗೆ ಮಾತ್ರ ಯಾತ್ರೆಯ ಸಮಯದಲ್ಲಿ ವಿನಾಯಿತಿ ಕೊಟ್ಟದ್ದುಂಟು. ಒಣ ಕೊಬ್ಬರಿಯಂತೂ ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಅನ್ನುವುದು ಕಾರಣ.

ಉಳಿದ ಗಂಟನ್ನು ಕೌಂಟರಿನ ತಕ್ಕಡಿ ಮೇಲೆ ಇಟ್ಟೆ. ಒಂಬತ್ತು ಕಿಲೋ ತೋರಿಸಿತು. ಕಿಲೋಗೆ ಆರುನೂರರ ಲೆಕ್ಕದಲ್ಲಿ ಐದು ಸಾವಿರದ ಮೇಲೆ ಕೇಳಿದರು. ನನ್ನ ಟಿಕೆಟ್ಟಿಗೇ ಅಷ್ಟಾಗಿರಲಿಲ್ಲ! ಕುಚ್ಚಲಕ್ಕಿಗೆ ಅಂಗಡಿಯಲ್ಲಿ ಕಿಲೋಗೆ ಅರವತ್ತರ ಆಸುಪಾಸು. ಅದರ ಬಾಡಿಗೆ ಅಕ್ಕಿಯ ಹತ್ತು ಪಟ್ಟು. ಮುಂಚೆಯೇ ಆಪ್‌ನಲ್ಲಿ ಕೊಂಡಿದ್ದರೆ ಕಡಿಮೆಗೆ ಸಿಗುತ್ತಿತ್ತು ಸಾರ್ ಅಂದರು. ಸರಿ, ಈಗಲೇ ಕೊಳ್ಳುತ್ತೇನೆ ಅಂತ ಫೋನ್ ತೆಗೆದರೆ ಆ ಹೊತ್ತು ಮೀರಿತ್ತು. ವಿಮಾನ ಹೊರಡುವ ಕೆಲವು ಗಂಟೆ ಮೊದಲೇ ಅದು ಮುಚ್ಚುತ್ತದೆ. ಅಮ್ಮ ಗಂಟಿಗೆ ಏನೇನು ಹಾಕುತ್ತಾರೆ ಅನ್ನುವುದು ಹೊರಡುವ ಹತ್ತು ನಿಮಿಷದ ಮೊದಲು ತೀರ್ಮಾನ ಆಗುವ ವಿಷಯ. ಇದನ್ನು ಯಾವ ಆಪ್‌ಗೆ ಹೇಳುವುದು?

ಬಿಡಲು ಬಂದಿದ್ದ ತಮ್ಮ ಆಗಲೇ ಬಜ್ಪೆ ಪೇಟೆ ದಾಟಿದ್ದ. ಫೋನ್ ಮಾಡಿ ವಾಪಸ್ ಕರೆಸಿದೆ. ಒಮ್ಮೆ ಟರ್ಮಿನಲ್ ಒಳಗೆ ಹೋದವರು ಮನಸ್ಸು ಬಂದಾಗ ಹೊರಗೆ ಬರುವ ಹಾಗಿಲ್ಲ. ಬಾಗಿಲಲ್ಲಿ ನಿಂತ ಸಿಐಎಸ್‌ಎಫ್ ಸಿಬ್ಬಂದಿಗೆ ವಿವರಿಸಿ, ಟಿಕೆಟ್ ತೋರಿಸಿ, ಅಕ್ಕಿ ಗಂಟನ್ನು ತಮ್ಮನ ಕೈಗೆ ದಾಟಿಸುವಷ್ಟರಲ್ಲಿ ಬೆವರು ಇಳಿದಿತ್ತು. ಹಪ್ಪಳ ಒಂದೇ ನನ್ನ ಜೊತೆ ಬೆಂಗಳೂರಿಗೆ ಬಂತು. ಅಕ್ಕಿ ಮುಂದಿನ ವಾರ ಬಂತು, ಬಸ್ಸಿನಲ್ಲಿ.

ಈಗ ಬಸ್ಸಿನ ಲೆಕ್ಕ. ಕೆಎಸ್‌ಆರ್‌ಟಿಸಿಯಲ್ಲಿ ದೊಡ್ಡವರ ಟಿಕೆಟ್ಟಿಗೆ 30 ಕಿಲೋ ಲಗೇಜು ಉಚಿತ. ಡಿಕ್ಕಿಯಲ್ಲಿ ಗೋಣಿ ಇಟ್ಟರೆ ಒಳಗೆ ಏನಿದೆ ಅಂತ ಯಾರೂ ಕೇಳುವುದಿಲ್ಲ. ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಬರುವ ದಾರಿಯಲ್ಲಿ ಶೇ. 10 ರಿಯಾಯಿತಿ. ರಾತ್ರಿ ಊಟ ಮುಗಿಸಿ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ಮಾಣಿಯಲ್ಲಿ ಇಳಿಯುತ್ತೇನೆ. ನಮ್ಮ ಮನೆ ಅಲ್ಲಿಂದ ಆಟೋ ದೂರದಲ್ಲಿದೆ.

ವಿಮಾನದಲ್ಲಿ ಹೋದರೆ ಇಲ್ಲೇ ಎಡವಟ್ಟು. ವಿಮಾನ ನಮ್ಮ ಊರನ್ನು ದಾಟಿ ಹೋಗಿ, ಮಂಗಳೂರು ವಿಮಾನ ನಿಲ್ದಾಣ ಇರುವ ಕೆಂಜಾರಿನ ಗುಡ್ಡದ ಮೇಲೆ ಇಳಿಯುತ್ತದೆ. ಅಲ್ಲಿಂದ ಬಿ.ಸಿ. ರೋಡ್ ಮೇಲೆ ವಾಪಸ್ ಬರಬೇಕು, ಟ್ಯಾಕ್ಸಿಗೆ ಸಾವಿರದ ಮೇಲೆ. ಬೆಂಗಳೂರಿನ ಕಡೆಯೂ ಅದೇ ಕಥೆ. ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲಿ ಇದ್ದಾಗ ಬನಶಂಕರಿಯವರಿಗೂ ಹತ್ತಿರವೇ ಅನ್ನಿಸುತ್ತಿತ್ತು. 2008ರಲ್ಲಿ ಅದು ದೇವನಹಳ್ಳಿಗೆ ಹೋಯಿತು. ವಾಯು ವಜ್ರ ಬಸ್ಸಿಗೆ ಮುನ್ನೂರರ ಆಸುಪಾಸು, ಟ್ಯಾಕ್ಸಿಯಾದರೆ ಅದರ ಮೂರು ನಾಲ್ಕು ಪಟ್ಟು. ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಮೂರೂವರೆ ಗಂಟೆ ಮೊದಲೇ ಮನೆ ಬಿಡುತ್ತೇನೆ. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ವಿಮಾನಕ್ಕೆ ಆರು ಗಂಟೆ, ಬಸ್ಸಿಗೆ ಎಂಟು. ಆ ಎಂಟರಲ್ಲಿ ಆರು ಗಂಟೆ ನಾನು ನಿದ್ದೆಯಲ್ಲಿರುತ್ತೇನೆ. ವಿಮಾನದ ದಿನ ಮಾತ್ರ ಇಡೀ ಹಗಲು ಹಾಳು.

ಬಸ್ಸಿನಲ್ಲಿ ತೊಂದರೆ ಇಲ್ಲ ಅಂತಲ್ಲ. ಎಸಿ ಚಳಿಗೆ ಕಿವಿ ಕಟ್ಟಿಕೊಳ್ಳಬೇಕು. ಸಕಲೇಶಪುರ ಬಿಟ್ಟ ಮೇಲೆ ಮೇಲಿನ ಬರ್ತ್‌ನಲ್ಲಿ ಮಲಗಿದವರು ತಿರುವಿಗೊಂದು ಸಲ ಹೊರಳುತ್ತಾರೆ. ಹಬ್ಬದ ಮುಂಚಿನ ಶುಕ್ರವಾರ ಖಾಸಗಿ ಬಸ್ಸಿನವರು ಕೇಳುವ ದರ ನೋಡಿದರೆ ವಿಮಾನ ಕಂಪನಿಗಳೇ ವಾಸಿ.

ರೈಲು ಎಲ್ಲಕ್ಕಿಂತ ಅಗ್ಗ. ಟಿಕೆಟ್ ಸಿಕ್ಕಿದರೆ.

ಹಾಗಾದರೆ ಬಜೆಟ್ ವಿಮಾನ ಅನ್ನುವುದೇ ಸುಳ್ಳಾ? ಅಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡದಿದ್ದರೆ ನಮ್ಮಂಥವರು ವಿಮಾನದ ಮೆಟ್ಟಿಲು ಹತ್ತಲು ಇನ್ನೂ ಎಷ್ಟು ವರ್ಷ ಕಾಯಬೇಕಿತ್ತೋ. ಒಂದು ರೂಪಾಯಿ ಟಿಕೆಟ್ ಕೂಡ ಆಗ ಮಾರಿದ್ದರು. ವಿಮಾನದಲ್ಲಿ ತಿಂಡಿಗೆ ದುಡ್ಡು ಕೊಡುವುದು ಆಗಲೇ ರೂಢಿಯಾದದ್ದು. ಅದರಲ್ಲಿ ನನಗೇನೂ ತಕರಾರಿಲ್ಲ. ಒಂದು ಗಂಟೆ ಹಾರಾಟಕ್ಕೆ ಉಪ್ಪಿಟ್ಟು ಯಾಕೆ?

ದೂರ ಹೋಗುವಾಗ ಈ ಕಂಪನಿಗಳ ಲೆಕ್ಕ ನಿಜಕ್ಕೂ ಗೆಲ್ಲುತ್ತದೆ. ಬೆಂಗಳೂರಿನಿಂದ ದೆಹಲಿಗೆ ರಾಜಧಾನಿ ರೈಲಿಗೂ ಮೂವತ್ತು ಗಂಟೆಯ ಮೇಲೆ ಬೇಕು. ಒಂದೂವರೆ ತಿಂಗಳು ಮೊದಲೇ ನೋಡಿದರೆ ಅದರ ಎಸಿ ಟಿಕೆಟ್ಟಿಗಿಂತ ಒಂದೆರಡು ಸಾವಿರ ಜಾಸ್ತಿಗೆ ವಿಮಾನ ಸಿಗುತ್ತದೆ. ಅಲ್ಲಿ ನಾನು ಎರಡನೇ ಸಲ ಯೋಚಿಸುವುದಿಲ್ಲ. ಮಂಗಳೂರಿನಂಥ 350 ಕಿ.ಮೀ. ದಾರಿಯಲ್ಲಿ ಮಾತ್ರ ಉಳಿಸಿದ ಸಮಯವೂ ಸಣ್ಣದು, ಮೇಲಿನ ಖರ್ಚು ಮಾತ್ರ ದೆಹಲಿಯಷ್ಟೇ.

ಅಗ್ಗ ಅನ್ನುವುದು ಎಷ್ಟು ತೆಳು ಅಂತ 2025ರ ಡಿಸೆಂಬರಿನಲ್ಲಿ ಎಲ್ಲರೂ ನೋಡಿದರು. ಸಾವಿರಾರು ಹಾರಾಟ ರದ್ದಾಗಿ, ಉಳಿದ ಸೀಟುಗಳ ದರ ಗಗನಕ್ಕೇರಿ, ಕೊನೆಗೆ ಸರ್ಕಾರವೇ ಮಿತಿ ಹಾಕಿತು. 500 ಕಿ.ಮೀ. ಒಳಗಿನ ಹಾರಾಟಕ್ಕೆ ಆ ಮಿತಿ 7,500 ರೂಪಾಯಿ. ಅದು ಕಡಿಮೆ ಮಾಡಿದ ಮೇಲಿನ ದರ!

ನನ್ನ ತಿಂಗಳ ಪ್ರಯಾಣಕ್ಕೆ ನಾಲ್ಕು ಸಾವಿರ ತೆಗೆದಿಡುತ್ತೇನೆ, ಬಸ್ಸಿನಲ್ಲಿ ಅದರಲ್ಲೇ ಹೋಗಿ ಬಂದು ಒಂದಿಷ್ಟು ಉಳಿಯುತ್ತದೆ. ಮಂಗಳೂರು ಪೇಟೆಯಲ್ಲೇ ಮನೆ, ಬೆಂಗಳೂರಿನಲ್ಲಿ ಯಲಹಂಕದ ಕಡೆ ವಾಸ, ಕೈಯಲ್ಲಿ ಒಂದೇ ಬ್ಯಾಗು ಅನ್ನುವವರು ವಾರದ ನಡುವಿನ ವಿಮಾನ ಹಿಡಿಯಬಹುದು. ಟಿಕೆಟ್ ತೆಗೆಯುವಾಗ ಮೊದಲ ದರ ಬಿಟ್ಟು ಬ್ಯಾಗು ಸೇರಿದ ಎರಡನೇ ದರ ನೋಡಿ. ಹೋಗುವುದು ರದ್ದಾದರೆ, ರೀಫಂಡ್ ಇಲ್ಲದ ಟಿಕೆಟ್ಟಾದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೊಡಲೇಬೇಕು, ಕೇಳಿ ಪಡೆಯಿರಿ. ಕನ್ವೀನಿಯೆನ್ಸ್ ಫೀ ಮಾತ್ರ ಮರೆತುಬಿಡಿ.

ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ನಾನೂ ವಿಮಾನದ ಆಪ್ ತೆರೆಯುತ್ತೇನೆ. ಅವತ್ತಿನ ದರ ನೋಡಿ ಮುಚ್ಚುತ್ತೇನೆ. ಮಡಿಕೇರಿ ಮೇಲೆ ಸುತ್ತಿ ಹೋಗುವ ಬಸ್ಸಿನಲ್ಲಿ ಸೀಟು ಉಂಟಾ ಅಂತ ನೋಡುತ್ತೇನೆ.