ಚಿಗ್ಗರ್ ಕಡಿತ ತಡೆಯಲು ಪರ್ಮೆತ್ರಿನ್ ಸ್ಪ್ರೇ: ಬಳಸಿ ಬರೆದ ವಿಮರ್ಶೆ

ಹುಲ್ಲುಗಾವಲು, ಪೊದೆ, ಕಾಡಿನಂಚುಗಳಲ್ಲಿ ಓಡಾಡುವವರನ್ನು ಚಿಗ್ಗರ್ ನುಸಿಗಳ ಕಾಟದಿಂದ ಕಾಪಾಡಲು ನಾನು ಬಳಸಿದ ಸಾಧನಗಳ ಪೈಕಿ ಹೆಚ್ಚು ಭರವಸೆ ಹುಟ್ಟಿಸಿದ್ದು ಬಟ್ಟೆಗೆ ಸಿಂಪಡಿಸುವ, ಪರ್ಮೆತ್ರಿನ್ ಎಂಬ ಕೀಟನಾಶಕದ 0.5% ಸ್ಪ್ರೇ. ಆದರೆ ಅದನ್ನು ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿನಲ್ಲಿ ಹಾಕದಿದ್ದರೆ ಇಡೀ ಬಾಟಲಿ ಖಾಲಿ ಮಾಡಿದರೂ ಪ್ರಯೋಜನ ಅಷ್ಟಕ್ಕಷ್ಟೆ.

ನಮ್ಮನ್ನು ಕಡಿಯುವುದು ಈ ನುಸಿಯ ಮರಿ ಮಾತ್ರ. ಬೆಳೆದ ನುಸಿಗೆ ಎಂಟು ಕಾಲು. ಅದು ಮಣ್ಣಿನಲ್ಲಿ ಕೀಟಗಳ ಮೊಟ್ಟೆ ತಿಂದು ಬದುಕುತ್ತದೆಯೇ ಹೊರತು ಮನುಷ್ಯರ ತಂಟೆಗೆ ಬರುವುದಿಲ್ಲ. ಆರು ಕಾಲಿನ, ಕಿತ್ತಳೆಗೆಂಪು ಬಣ್ಣದ, ಹೆಚ್ಚುಕಡಿಮೆ ಕಾಲು ಮಿಲಿಮೀಟರ್ ಗಾತ್ರದ ಮರಿಗಳು ಹುಲ್ಲಿನಿಂದ ಬಟ್ಟೆಗೆ ಹತ್ತಿ, ಮೇಲೇರುತ್ತಾ ಹೋಗಿ, ಬಟ್ಟೆ ಮೈಗೆ ಬಿಗಿಯಾಗಿ ಅಂಟಿದ ಕಡೆ ನಿಲ್ಲುತ್ತವೆ. ಬಿಳಿ ಕಾಲುಚೀಲದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿದರೆ ನೂಲಿನ ಎಳೆಗಳ ನಡುವೆ ಕೆಂಪು ಚುಕ್ಕೆಯೊಂದು ಸರಿದಾಡುವುದು ಕಾಣಸಿಗುತ್ತದೆ. ಬಟ್ಟೆ ಹತ್ತಿದ ಗಳಿಗೆಯಿಂದ ಚರ್ಮಕ್ಕೆ ಬಾಯಿ ಹಾಕುವವರೆಗಿನ ಈ ಓಡಾಟದ ಅವಧಿಯೇ ನಮಗೆ ಸಿಗುವ ಅವಕಾಶ. ಪರ್ಮೆತ್ರಿನ್ ಆಗಲೇ ಅವುಗಳ ನರಮಂಡಲಕ್ಕೆ ಪೆಟ್ಟು ಕೊಡುತ್ತದೆ.

ಆದ್ದರಿಂದ ಅಂಗಿಯ ಬೆನ್ನಿಗೆ ಧಾರಾಳವಾಗಿ ಹೊಡೆಯುವುದಕ್ಕಿಂತ ಕಾಲುಚೀಲದ ಮೇಲ್ಭಾಗ, ಪ್ಯಾಂಟಿನ ಕೆಳ ಅಂಚಿನ ಒಳಮೈ, ಸೊಂಟಪಟ್ಟಿ, ಶೂಗಳ ಮೇಲೆ ನಿಧಾನವಾಗಿ ಸಿಂಪಡಿಸುವುದೇ ಉತ್ತಮ. ಬಟ್ಟೆಯನ್ನು ತೊಡುವ ಮೊದಲೇ, ಬಯಲಿನಲ್ಲಿ ತೂಗುಹಾಕಿ, ಅದರ ಬಣ್ಣ ಒದ್ದೆಯಾಗಿ ಗಾಢವಾಗುವಷ್ಟು ಸಿಂಪಡಿಸಿ, ಪೂರ್ತಿ ಒಣಗಲು ಬಿಡಬೇಕು. ಒಣಗಿದ ಮೇಲೆ ವಾಸನೆಯಾಗಲಿ ಕಲೆಯಾಗಲಿ ಉಳಿಯಲಿಲ್ಲ ಎಂಬುದು ನನಗೆ ಬಹಳ ಮೆಚ್ಚಿಗೆಯಾಯಿತು. ಹಲವು ಬಾರಿ ಒಗೆದರೂ ಪರಿಣಾಮ ಉಳಿಯುತ್ತದೆ. ಬೆಕ್ಕು ಸಾಕಿದವರು ಮಾತ್ರ ವಿಶೇಷ ಎಚ್ಚರ ವಹಿಸಲೇಬೇಕು. ಈ ರಾಸಾಯನಿಕ ಬೆಕ್ಕುಗಳಿಗೂ ಮೀನುಗಳಿಗೂ ವಿಷ.

ಇದು ಮೈಗೆ ಹಚ್ಚುವ ಔಷಧವಲ್ಲ. ತೆರೆದ ಚರ್ಮಕ್ಕೆ, ನುಸಿಗಳನ್ನು ದೂರವಿಡುವ ಡೀಟ್ ಅಥವಾ ಪಿಕಾರಿಡಿನ್ ಇರುವ ಲೇಪನ ಬೇರೆಯೇ ಬೇಕು. ಇವೆರಡರಲ್ಲಿ ನನ್ನ ಆಯ್ಕೆ ಪಿಕಾರಿಡಿನ್, ಏಕೆಂದರೆ ಡೀಟ್ ತಗುಲಿದ ಕನ್ನಡಕದ ಚೌಕಟ್ಟು, ಕೈಗಡಿಯಾರದ ಗಾಜಿನಂಥ ಪ್ಲಾಸ್ಟಿಕ್ ವಸ್ತುಗಳು ಹಾಳಾಗಬಹುದು.

ಇಷ್ಟಾದರೂ ಒಂದೆರಡು ಮರಿಗಳು ಕಚ್ಚಬಹುದು. ತುರಿಕೆ ಕೆಲವು ಗಂಟೆಗಳ ನಂತರವೇ ಶುರುವಾಗುವುದರಿಂದ, ಮನೆಗೆ ಮರಳಿದ ಕೂಡಲೇ ಸೋಪು ಹಚ್ಚಿ ಮೈಯುಜ್ಜಿ ಸ್ನಾನ ಮಾಡಬೇಕು. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ನೇಲ್ ಪಾಲಿಷ್ ಹಚ್ಚಿದರೆ ಒಳಗಿನ ಹುಳು ಉಸಿರುಗಟ್ಟಿ ಸಾಯುತ್ತದೆ ಎಂಬ ಸಲಹೆಯನ್ನು ದಯವಿಟ್ಟು ನಂಬಬೇಡಿ. ಚಿಗ್ಗರ್ ಚರ್ಮದೊಳಗೆ ಹೊಕ್ಕು ಕೂರುವುದೂ ಇಲ್ಲ, ರಕ್ತ ಹೀರುವುದೂ ಇಲ್ಲ. ಅದು ಜೊಲ್ಲಿನಿಂದ ಚರ್ಮದ ಜೀವಕೋಶಗಳನ್ನು ಕರಗಿಸಿ ಹೀರುತ್ತದೆ, ಮತ್ತು ಗಂದೆ ಎದ್ದು ನಾವು ಕೆರೆದುಕೊಳ್ಳುವ ಹೊತ್ತಿಗೆ ಬಹುತೇಕ ಉದುರಿಹೋಗಿರುತ್ತದೆ. ಉಳಿಯುವುದು ನಮ್ಮ ದೇಹದ ಅಲರ್ಜಿಯ ಪ್ರತಿಕ್ರಿಯೆ. ಅದಕ್ಕೆ 1% ಹೈಡ್ರೋಕಾರ್ಟಿಸೋನ್ ಮುಲಾಮು ಅಥವಾ ಕ್ಯಾಲಮೈನ್ ಲೋಷನ್, ತಣ್ಣೀರಿನ ಬಟ್ಟೆ, ರಾತ್ರಿ ನಿದ್ದೆ ಕೆಡುವಂತಿದ್ದರೆ ವೈದ್ಯರನ್ನು ಕೇಳಿ ಅಲರ್ಜಿ ಮಾತ್ರೆ, ಇಷ್ಟು ಸಾಕು. ತುರಿಕೆ ಮೊದಲ ಒಂದೆರಡು ದಿನ ವಿಪರೀತವಾಗಿದ್ದು, ಒಂದೆರಡು ವಾರಗಳಲ್ಲಿ ಶಮನವಾಗುತ್ತದೆ. ಕೆರೆದು ಗಾಯ ಮಾಡಿಕೊಂಡರೆ ಕೀವು ತುಂಬುವ ಅಪಾಯವಿದೆ.

ಸ್ಪ್ರೇಯ ಕುರಿತು ನನ್ನ ನಿಜವಾದ ಅಸಮಾಧಾನ ಅದರೊಂದಿಗೆ ಬರುವ ಮಾಹಿತಿ ಚೀಟಿಯ ಬಗ್ಗೆ. ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಕೆಲವು ಜಾತಿಯ ಚಿಗ್ಗರ್‌ಗಳು ಸ್ಕ್ರಬ್ ಟೈಫಸ್ ಜ್ವರದ ಬ್ಯಾಕ್ಟೀರಿಯಾವನ್ನು ಹರಡುತ್ತವೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಾಣಿಸಿಕೊಂಡರೆ, ಅಥವಾ ಹಕ್ಕಳೆಯಿಲ್ಲದೆಯೇ ಮುಂದಿನ ಎರಡು ಮೂರು ವಾರಗಳೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ, ಮುಲಾಮು ಹಚ್ಚುತ್ತಾ ಕಾಯದೆ ವೈದ್ಯರ ಬಳಿ ಹೋಗಿ, ಹುಲ್ಲು ಪೊದೆಗಳಲ್ಲಿ ಓಡಾಡಿದ್ದನ್ನು ಮರೆಯದೆ ತಿಳಿಸಬೇಕು. ಈ ಜ್ವರಕ್ಕೆ ಕೊಡುವ ಆಂಟಿಬಯಾಟಿಕ್ ಡಾಕ್ಸಿಸೈಕ್ಲಿನ್ ಬೇಗ ಆರಂಭವಾದಷ್ಟೂ ಒಳ್ಳೆಯದು.