ಕಾರು ದಾನ ಕೊಡುವ ಮುಂಚೆ ಆರ್‌ಸಿ ಯಾರ ಹೆಸರಿಗೆ ಹೋಗುತ್ತದೆ ನೋಡಿ
ಧಾರವಾಡದ ನಮ್ಮ ಮನೆಗೆ ಹಾವೇರಿ ಕೋರ್ಟಿನಿಂದ ಸಮನ್ಸ್ ಬಂತು. ನನ್ನ ಹೆಸರಿಗಲ್ಲ, ಅವ್ವನ ಹೆಸರಿಗೆ. ಅವಳಿಗೆ 72 ವರ್ಷ. ಜೀವನದಲ್ಲಿ ಸೈಕಲ್ ಕೂಡ ಹೊಡೆದವಳಲ್ಲ. ಆದರೆ ಶಿಗ್ಗಾಂವಿ ಹತ್ತಿರ ಒಬ್ಬ ಹುಡುಗನ ಬೈಕಿಗೆ ಗುದ್ದಿ ಅವನ ಕಾಲು ಮುರಿದ ಕಾರಿಗೆ, ಕಾಗದದ ಮೇಲೆ ಅವಳೇ ಮಾಲೀಕಳು. ಆ ಕಾರನ್ನು ನಾವು ಐದು ತಿಂಗಳ ಮೊದಲೇ ದಾನ ಕೊಟ್ಟಿದ್ದೆವು.

ಅದು ಅಪ್ಪನ ಕಾರು. 2011ರ ಮರ್ಸಿಡಿಸ್ ಸಿ 220. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರು, ಆದರೂ ಹೊಸದರಂತೆ ಇಟ್ಟಿದ್ದರು. ಅವರು ಹೋದ ಮೇಲೆ ಫಾರ್ಮ್ 31 ಕೊಟ್ಟು ಅವ್ವನ ಹೆಸರಿಗೆ ಮಾಡಿಸಿದೆವು. ಆಮೇಲೆ ಅದು ಸಪ್ತಾಪುರದ ಮನೆಯ ಕಂಪೌಂಡಿನಲ್ಲಿ ಸುಮ್ನೆ ನಿಂತಿತ್ತು. ಭಾನುವಾರ ನಾನು ಸ್ಟಾರ್ಟ್ ಮಾಡಿ ಇಡುತ್ತಿದ್ದೆ. ಮಾರೋಣ ಅಂದರೆ ಅವ್ವ ಒಪ್ಪಲಿಲ್ಲ. "ಅಪ್ಪನ ಗಾಡಿ ಮಾರಿ ರೊಕ್ಕಾ ತಿನ್ನೂದು ಬ್ಯಾಡಪಾ. ಯಾರಿಗರೆ ಉಪಯೋಗ ಆಗ್ಲಿ" ಅಂದಳು.

ಪರಿಚಯದವರೊಬ್ಬರು ಒಂದು ಟ್ರಸ್ಟಿನ ನಂಬರ್ ಕೊಟ್ಟರು. ಹುಬ್ಬಳ್ಳಿಯಲ್ಲಿ ವೃದ್ಧಾಶ್ರಮ ನಡೆಸುತ್ತಾರಂತೆ. 2022ರ ಅಕ್ಟೋಬರಿನಲ್ಲಿ ಇಬ್ಬರು ಮನೆಗೆ ಬಂದರು. ಹಿರಿಯ ಮನುಷ್ಯ ಒಳಗೆ ಬಂದವನೇ ಅವ್ವನ ಕಾಲು ಮುಟ್ಟಿದ. "ಅಜ್ಜ ಅಜ್ಜಿಯರನ್ನ ದವಾಖಾನಿಗೆ ಕರಕೊಂಡು ಹೋಗಾಕ ಗಾಡಿ ಬೇಕಾಗಿತ್ರೀ ಅವ್ವಾರ. 80ಜಿ ಸರ್ಟಿಫಿಕೇಟ್ ಸುದ್ದಾ ಕೊಡ್ತೀವ್ರಿ" ಅಂದ. 80ಜಿ ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ. ಫಾರ್ಮ್ 29 (ಗಾಡಿ ಕೊಟ್ಟಿದ್ದೇವೆ ಅಂತ ಆರ್‌ಟಿಒಗೆ ತಿಳಿಸುವುದು) ಮತ್ತು 30 (ಹೆಸರು ಬದಲಿಸುವ ಅರ್ಜಿ) ತಂದಿದ್ದ. ಸಹಿ ಮಾಡುವ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೇ ಬಂದಿದ್ದ. ಪಡೆಯುವವರ ಹೆಸರು, ವಿಳಾಸ, ತಾರೀಖು ಬರೆಯುವ ಜಾಗ ಎಲ್ಲ ಖಾಲಿ. ನಾನು ಪಕ್ಕದಲ್ಲೇ ನಿಂತಿದ್ದೆ, ಕೇಳಿದೆ ಕೂಡ. "ಆಫೀಸಿನಾಗ ತುಂಬ್ಕೋತೀವ್ರೀ ಸರ" ಅಂದ. ಬಿಟ್ಟುಬಿಟ್ಟೆ. ಅವ್ವ ಮೂರು ಕಡೆ ಸಹಿ ಮಾಡಿದಳು. ಬಾನೆಟ್ಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಕಳಿಸಿಕೊಟ್ಟಳು. ಎರಡೂ ಕೀ, ಆರ್‌ಸಿ, ಇನ್ಶೂರೆನ್ಸ್ ಕಾಗದ ಎಲ್ಲ ಅವರ ಕೈಗೆ ಹೋಯಿತು. ನಮ್ಮ ಕೈಗೆ ಬಂದದ್ದು ಒಂದು ರಶೀದಿ.

ಗಾಡಿಯ ಫಾಸ್ಟ್ಯಾಗ್ ನನ್ನ ಮೊಬೈಲಿಗೆ ಜೋಡಿಸಿತ್ತು. ಅದನ್ನು ಕಿತ್ತುಕೊಳ್ಳುವುದು ಮರೆತಿದ್ದೆ. ಡಿಸೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ಬಂಕಾಪುರ ಟೋಲಿನಲ್ಲಿ ದುಡ್ಡು ಕಟ್ ಆದ ಮೆಸೇಜ್ ಬಂತು. ಪಾಪ, ಯಾರೋ ಅಜ್ಜನಿಗೆ ಆರಾಮಿಲ್ಲದೆ ದಾವಣಗೆರೆಗೆ ಒಯ್ಯುತ್ತಿರಬೇಕು ಅಂದುಕೊಂಡೆ. ಅದೇ ವಾರ ಮತ್ತೆ ನಾಲ್ಕು ಸಲ ಬಂತು, ಎಲ್ಲ ರಾತ್ರಿ ಹೊತ್ತಿನಲ್ಲೇ. ಟ್ರಸ್ಟಿನವರಿಗೆ ಫೋನ್ ಮಾಡಿದರೆ "ಡ್ರೈವರ್‌ನ ಕೇಳ್ತೀನ್ರಿ" ಅಂದರು. ಮುಂದಿನ ವಾರ ಫೋನ್ ಬಂದ್. ರಶೀದಿಯ ಮೇಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಅಲ್ಲಿ ಇದ್ದದ್ದು ಶಟರ್ ಎಳೆದ ಒಂದು ಅಂಗಡಿ. ಅವತ್ತೇ ನಾನು ಆರ್‌ಟಿಒಗೂ ಪೊಲೀಸರಿಗೂ ಬರೆದು ಕೊಡಬೇಕಿತ್ತು. ಕೊಡಲಿಲ್ಲ.

ಜನವರಿಯಲ್ಲಿ ಇನ್ಶೂರೆನ್ಸ್ ಮುಗಿಯಿತು. ಯಾರೂ ಕಟ್ಟಲಿಲ್ಲ. ಮಾರ್ಚಿನಲ್ಲಿ ಅಪಘಾತ. ಪೊಲೀಸರು ವಿಚಾರಿಸಿದಾಗ ಗೊತ್ತಾಯಿತು, ಕಾರು ನಮ್ಮ ಮನೆಯಿಂದ ಹೋದ ವಾರದಲ್ಲೇ ಒಬ್ಬ ಏಜೆಂಟನಿಗೆ ಮಾರಾಟವಾಗಿತ್ತು. ಅವನಿಂದ ಇನ್ನೊಬ್ಬನಿಗೆ. ಅವ್ವ ಸಹಿ ಮಾಡಿದ ಆ ಖಾಲಿ ಫಾರ್ಮುಗಳೇ ಕೈಯಿಂದ ಕೈಗೆ ಹೋಗಿದ್ದವು. ಆರ್‌ಸಿ ಯಾರ ಹೆಸರಿಗೂ ಆಗಿರಲಿಲ್ಲ.

"ನಾವು ಕೊಟ್ಟಾಗಿದೆ, ರಶೀದಿ ಇದೆ" ಅಂತ ವಕೀಲರ ಮುಂದೆ ಇಟ್ಟೆ. ಅವರು ತಲೆ ಅಲ್ಲಾಡಿಸಿದರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆಯಂತೆ: ಗಾಡಿ ಎಷ್ಟು ಕೈ ಬದಲಾದರೂ ಸರಿ, ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಮಟ್ಟಿಗೆ ಅವರೇ ಮಾಲೀಕರು. ಇನ್ಶೂರೆನ್ಸ್ ಇದ್ದಿದ್ದರೆ ಕಂಪನಿ ಕಟ್ಟುತ್ತಿತ್ತು. ಇಲ್ಲದಿದ್ದರೆ ಮನೆಯಿಂದಲೇ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ, ಗಾಡಿ ಕೊಟ್ಟವರು ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಆ ಫಾರ್ಮ್ 29 ಅನ್ನು ನಾನೇ ಹೋಗಿ ಕೊಟ್ಟು ಬರಬಹುದಿತ್ತು. ಅರ್ಧ ದಿನದ ಕೆಲಸ.

80ಜಿ ಮಾತೂ ಸುಳ್ಳು. ಸಿಎ ಹತ್ತಿರ ಹೋದರೆ, ಆ ವಿನಾಯಿತಿ ದುಡ್ಡು ಕೊಟ್ಟರೆ ಮಾತ್ರ ಅಂದರು. ಕಾರು, ಬಟ್ಟೆ, ಅಕ್ಕಿ ಕೊಟ್ಟರೆ ಇಲ್ಲ. ನಗದು ಕೊಟ್ಟರೂ 2,000 ರೂಪಾಯಿ ದಾಟಿದರೆ ಇಲ್ಲ. ಕಾರಿಗೆ 80ಜಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲೇ ಮಾತು ನಿಲ್ಲಿಸಿ.

ಇದೆಲ್ಲ ಆದ ಮೇಲೆ ನಿಜವಾಗಿ ವೃದ್ಧಾಶ್ರಮ ನಡೆಸುವ ಒಬ್ಬ ಅಕ್ಕಾರನ್ನು ಭೇಟಿಯಾದೆ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಇಂಥಾ ಕಾರು ನಮಗ ಯಾಕ್ರೀ? ಒಂದು ಸರ್ವಿಸಿಗೆ ಹಾಕೋ ರೊಕ್ಕದಾಗ ನಮ್ಮ ತಿಂಗಳ ಸಂತಿ ಆಗತೈತಿ. ಮ್ಯಾಲ ಸೀಟು ಅಷ್ಟು ಕೆಳಗ. ಮೊಣಕಾಲು ನೋವಿದ್ದ ಅಜ್ಜಿ ಹೆಂಗ ಹತ್ತಿ ಇಳೀಬೇಕು?" ಎಷ್ಟು ಸರಿ ಅಲ್ವಾ? ನಾವು ಅದನ್ನು ಯೋಚಿಸಲೇ ಇಲ್ಲ.

ಹಾಗಾಗಿ ನನ್ನ ಮಾತು ಇಷ್ಟು. ಕಾರನ್ನು ನೀವೇ ಮಾರಿ, ಬಂದ ದುಡ್ಡನ್ನು ಚೆಕ್ಕಿನಲ್ಲಿ ಕೊಡಿ. ಕೊಡುವ ಮೊದಲು ಆಶ್ರಮಕ್ಕೆ ಹೋಗಿ ಒಂದು ಹೊತ್ತು ಕೂತು ಬನ್ನಿ. ಕಾರನ್ನೇ ಕೊಡಬೇಕು ಅಂತಿದ್ದರೆ ಫಾರ್ಮುಗಳಲ್ಲಿ ಟ್ರಸ್ಟಿನ ಪೂರ್ತಿ ಹೆಸರು, ತಾರೀಖು ನಿಮ್ಮ ಕಣ್ಣೆದುರೇ ತುಂಬಿಸಿ, ಆಮೇಲೆ ಸಹಿ ಮಾಡಿ. ಫಾರ್ಮ್ 29ರ ಒಂದು ಪ್ರತಿ ನೀವೇ ಆರ್‌ಟಿಒಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಬಂದ್ ಮಾಡಿಸಿ. ಗಾಡಿ ಕೊಟ್ಟ ದಿನ ಮತ್ತು ಹೊತ್ತು ಬರೆದು ಅವರ ಸಹಿ ಹಾಕಿಸಿಕೊಳ್ಳಿ. ಸರ್ಕಾರದ ಪರಿವಹನ್ ವೆಬ್‌ಸೈಟಿನಲ್ಲಿ ಹೆಸರು ಬದಲಾಗುವವರೆಗೆ ಕೀ ನಿಮ್ಮ ಕೈಯಲ್ಲೇ ಇರಲಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಮಾಲೀಕರ ಹೆಸರು ನೋಡಿ. ಇನ್ನೂ ನಿಮ್ಮದೇ ಇದ್ದರೆ ನಾಳೆ ಬೆಳಿಗ್ಗೆಯೇ ಆರ್‌ಟಿಒಗೆ ಹೋಗಿ.

ನಮ್ಮ ಮುಂದಿನ ತಾರೀಖು ಈ ತಿಂಗಳ ಕೊನೆಗಿದೆ. ಅವ್ವ ಈಗ ಕೇಸಿನ ಬಗ್ಗೆ ಜಾಸ್ತಿ ಕೇಳುವುದಿಲ್ಲ. ಪ್ರತಿ ಸಲ ಹಾವೇರಿಗೆ ಹೊರಟಾಗ "ಆ ಹುಡುಗ ನಡ್ಯಾಕ ಹತ್ಯಾನೇನು?" ಅಂತಷ್ಟೇ ಕೇಳುತ್ತಾಳೆ.