ಟಿಐ-30: ಚಿಪ್ ಗಟ್ಟಿ, ಕೀ ಪೊಳ್ಳು

ಗಲ್ಫಿನಿಂದ ಬಂದ ಪೆಟ್ಟಿಗೆಗಳ ತಳದಲ್ಲಿ, ಅಡಿಕೆ ಅಂಗಡಿಯ ಹಳೆ ಮೇಜಿನ ಖಾನೆಯಲ್ಲಿ ಕೆಂಪು ಅಂಕೆಯ ಟಿಐ-30 ಕ್ಯಾಲ್ಕುಲೇಟರ್ ಕಾಸರಗೋಡಿನ ಕಡೆ ಈಗಲೂ ಸಿಗುವುದುಂಟು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇದನ್ನು 1976ರಲ್ಲಿ 24.95 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. 1972ರಲ್ಲಿ ಬಂದ ಎಚ್‌ಪಿ-35 ಕ್ಯಾಲ್ಕುಲೇಟರಿಗೆ 395 ಡಾಲರ್ ಇತ್ತು ಎಂದರೆ ಇದು ಎಷ್ಟು ಅಗ್ಗ ಎಂಬುದು ತಿಳಿಯುತ್ತದೆ. ಆ ಅಗ್ಗದ ಗುರುತು ಕೀಗಳಲ್ಲಿದೆ. ಒಳಗಿನ ಚಿಪ್ ಸುಲಭಕ್ಕೆ ಸಾಯುವುದಿಲ್ಲ, ಕೀಗಳೇ ಕೈಕೊಡುವುದು. ಆದ್ದರಿಂದ ಕೊಳ್ಳುವವರು ಮೊದಲು ಕೀ ನೋಡಬೇಕು, ಹೊಳಪನ್ನು ಆಮೇಲೆ.

ಹೋಗುವಾಗ ಹೊಸ 9 ವೋಲ್ಟ್ ಬ್ಯಾಟರಿಯೊಂದು ಕಿಸೆಯಲ್ಲಿರಲಿ. ಕ್ಲಿಪ್ಪಿಗೆ ಉಲ್ಟಾ ತಾಗಿಸಬೇಡಿ, ಒಂದು ಕ್ಷಣಕ್ಕೂ ಬೇಡ. ಆನ್ ಆದ ಕೂಡಲೇ 88888888 ಒತ್ತಿ ಅಂಕೆಗಳನ್ನು ನೋಡಿ. ಎಲ್ಲ ಅಂಕೆಗಳಲ್ಲೂ ಅದೇ ಒಂದು ಗೆರೆ ಕಾಣದಿದ್ದರೆ ಆ ಗೆರೆಗೆ ವಿದ್ಯುತ್ ಒಯ್ಯುವ ಲೈನಿನಲ್ಲಿ ಎಲ್ಲೋ ಬೆಸುಗೆ ಬಿಟ್ಟಿದೆ, ಸರಿಯಾಗಬಹುದು. ಒಂದು ಅಂಕೆ ಪೂರ್ತಿ ಕತ್ತಲಾದರೂ ಹುಡುಕಬೇಕಾದ್ದು ಆ ಅಂಕೆಯ ಲೈನನ್ನೇ. ಆದರೆ ಒಂದೇ ಅಂಕೆಯ ಒಂದೇ ಗೆರೆ ಮಾತ್ರ ಇಲ್ಲವೆಂದರೆ ಆ ಎಲ್‌ಇಡಿಯೇ ಹೋಗಿದೆ. ಇನ್ನೊಂದು ಟಿಐ-30 ಬಲಿಕೊಡದೆ ಅದು ಬಾರದು. ಒಂದೇ ಒಂದು ಅಂಕೆ ಕಣ್ಣು ಕುಕ್ಕುವಷ್ಟು ಉರಿದು ಉಳಿದವು ಆರಿದ್ದರೆ ತಕ್ಷಣ ಬ್ಯಾಟರಿ ಕಳಚಿ. ಅಂಕೆಗಳನ್ನು ಸರದಿಯಲ್ಲಿ ಬೆಳಗಿಸುವ ಕೆಲಸ ನಿಂತಿದೆ, ಅಂಥದ್ದನ್ನು ಬಿಟ್ಟಿ ಕೊಟ್ಟರೂ ಬೇಡ.

ಲೆಕ್ಕಕ್ಕೆ 2 + 3 × 4 = ಒತ್ತಿದರೆ 14 ಬರಬೇಕು, 20 ಅಲ್ಲ. 30 ಡಿಗ್ರಿಯ ಸೈನ್ 0.5. ಸೈನ್ ಒತ್ತಿದಾಗ ಅಂಕೆಗಳು ಸ್ವಲ್ಪ ಹೊತ್ತು ಮಾಯವಾಗಿ ಮಿನುಗುವುದು ಇದರ ಸ್ವಭಾವ, ರೋಗವಲ್ಲ.

ಇನ್ನು ಕೀಗಳು. ಒಂದೊಂದು ಅಂಕೆಯನ್ನೂ ಇಪ್ಪತ್ತು ಸಲ ಒತ್ತಿ ನೋಡಿ, ನಡುನಡುವೆ ಅಳಿಸುತ್ತಾ. 5 ಒತ್ತಿದರೆ 55 ಬರುವುದು ಈ ಮಾದರಿಗೆ ಅಂಟಿದ ಹಳೆ ಕಾಯಿಲೆ: ಕೀಯ ಅಡಿಯ ಲೋಹದ ಬಿಲ್ಲೆ ತಗ್ಗುವಾಗ ಒಮ್ಮೆ ತಾಗಿ, ಬಿಟ್ಟು, ಮತ್ತೆ ತಾಗುತ್ತದೆ, ಚಿಪ್ ಅದನ್ನು ಎರಡು ಒತ್ತೆಂದು ಎಣಿಸುತ್ತದೆ. ಕಡಲ ಉಪ್ಪುಗಾಳಿ, ಆಟಿ ತಿಂಗಳ ಮಳೆಯ ತೇವ ಸೇರಿದರೆ ಬಿಲ್ಲೆಯ ಮೇಲೆ ಪೊರೆ ಕಟ್ಟಿ ಇದು ಇನ್ನೂ ಹೆಚ್ಚುತ್ತದೆ. ಬೇರೆ ಬೇರೆ ಕಡೆ ಇರುವ ನಾಲ್ಕೈದು ಕೀ ಒಟ್ಟಿಗೇ ಸತ್ತಿದ್ದರೆ ಹೆದರಬೇಕಿಲ್ಲ. ಅವೆಲ್ಲ ಒಂದೇ ಲೈನಿಗೆ ಸೇರಿದವು, ಎಲ್ಲೋ ಒಂದು ಬೆಸುಗೆ ಬಿರಿದಿದೆ ಅಷ್ಟೆ. ಒಂಟಿ ಕೀ ಸತ್ತಿದ್ದರೆ ಬಿಲ್ಲೆ ತೊಳೆಯಬೇಕು.

ತೊಳೆಯಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್. ಥಿನ್ನರ್, ಪೆಟ್ರೋಲ್ ಮುಟ್ಟಿಸಿದರೆ ಪ್ಲಾಸ್ಟಿಕ್ ಕರಗುತ್ತದೆ. ಸ್ಯಾನಿಟೈಸರಿನ ಅಂಟು ಕೀಯಲ್ಲೇ ಉಳಿಯುತ್ತದೆ. ಕೀಯ ಅಂಚಿನಲ್ಲಿ ಒಂದೆರಡು ಹನಿ ಬಿಟ್ಟು ಐವತ್ತು ಸಲ ಒತ್ತಿ, ಒಂದು ರಾತ್ರಿ ಒಣಗಲು ಬಿಡಿ, ಆಮೇಲೆ ಬ್ಯಾಟರಿ. ಹೆಚ್ಚಿನವು ಇಷ್ಟಕ್ಕೇ ದಾರಿಗೆ ಬರುತ್ತವೆ. ಎರಡು ಸಲ ತೊಳೆದರೂ 55 ಬರುತ್ತಿದ್ದರೆ ಕೀಬೋರ್ಡ್ ಬಿಚ್ಚುವ ಸಾಹಸ ನಮ್ಮ ಮಟ್ಟಿಗೆ ಲಾಭದ್ದಲ್ಲ.

ಆನ್ ಆಗುವುದೇ ಇಲ್ಲವೇ? ಬಹುತೇಕ ತಪ್ಪು ಬ್ಯಾಟರಿ ಕ್ಲಿಪ್ಪಿನದು. ಒಳಗೆ ಬ್ಯಾಟರಿ ಸೋರಿದ ಕಲೆಯಿದ್ದರೆ ಮೊದಲು ಯಾವ ಬ್ಯಾಟರಿ ಎಂದು ನೋಡಿ. ಆಲ್ಕಲೈನ್ ಆದರೆ ಅದು ಕ್ಷಾರ, ಬಿಳಿ ವಿನೆಗರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಅಗ್ಗದ ಜಿಂಕ್-ಕಾರ್ಬನ್ ಆದರೆ ಆಮ್ಲದ ಕಡೆಯದು, ಅಡುಗೆ ಸೋಡಾದ ನೀರು ಬೇಕು. ಎರಡರಲ್ಲೂ ಕೊನೆಗೆ ಡಿಸ್ಟಿಲ್ಡ್ ವಾಟರ್, ಅದರ ಮೇಲೆ ಆಲ್ಕೊಹಾಲ್. ಕ್ಲಿಪ್ಪಿನ ತಂತಿಯನ್ನು ಅರ್ಧ ಇಂಚು ಸುಲಿದು ನೋಡಿ: ತಾಮ್ರ ಕಪ್ಪಾಗಿದ್ದರೆ ಸೋರಿದ ರಸ ತಂತಿಯೊಳಗೆ ಏರಿದೆ, ಅದಕ್ಕೆ ಬೆಸುಗೆ ಹಿಡಿಯದು. ಕ್ಲಿಪ್ಪನ್ನೇ ಬದಲಿಸಿ. ರೇಡಿಯೊ ರಿಪೇರಿಯ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. 25 ವಾಟಿನ ಸೋಲ್ಡರಿಂಗ್ ಐರನ್ ಸಾಕು, ಒಂದು ಕಡೆ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೋರ್ಡಿನ ತಾಮ್ರ ಎದ್ದು ಬರಬಹುದು. ಕೆಂಪು ತಂತಿ ಎಲ್ಲಿತ್ತು ಎಂದು ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ದಿನದ ಲೆಕ್ಕಕ್ಕೆ ಇದನ್ನು ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ. ಎಲ್‌ಇಡಿ ಬ್ಯಾಟರಿಯನ್ನು ಕುಡಿಯುತ್ತದೆ, ಬಿಸಿಲಲ್ಲಿ ಅಂಕೆ ಕಾಣುವುದೂ ಇಲ್ಲ. ಅಡಿಕೆ ತೂಗುವ ಜಗಲಿಗೆ ಇಂದಿನ ಎಲ್‌ಸಿಡಿ ಕ್ಯಾಲ್ಕುಲೇಟರೇ ವಾಸಿ. ಸಂಜೆಯ ಮಬ್ಬಿನಲ್ಲಿ, ಸಣ್ಣ ಗುಳ್ಳೆಯಂಥ ಲೆನ್ಸಿನ ಅಡಿ ಉರಿಯುವ ಆ ಕೆಂಪಿಗೆ ಮಾತ್ರ ಎಲ್‌ಸಿಡಿ ಸಾಟಿಯಲ್ಲ.

ನಮ್ಮ ಅಂಕ: ಕೀ ಚೆನ್ನಾಗಿದ್ದದ್ದಕ್ಕೆ ಐದರಲ್ಲಿ ನಾಲ್ಕು, 55 ಬರುವುದಕ್ಕೆ ಒಂದೂವರೆ. ಕ್ಲಿಪ್ ಹೋಗಿ ಸತ್ತಂತೆ ಬಿದ್ದದ್ದು ಸಿಕ್ಕರೆ ಚೌಕಾಸಿ ಮಾಡಿ ತಂದುಬಿಡಿ. ಬಳಸದಿರುವಾಗ ಬ್ಯಾಟರಿ ಹೊರಗೆ ಇರಲಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ.